ಅಂಕಪಟ್ಟಿಗೆ ಮೊದಲು: ಬೆಂಬಲ ಸಂಸ್ಥೆಗಳ ಗುಣಮಟ್ಟ ನಡೆದು ಬಂದ ದಾರಿ

ಹೋದ ವರ್ಷ ಸೋಲಾಪುರದ ಚಿಂಚೋಳಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಸಭಾ ಕೋಣೆಯಲ್ಲಿ ನಾಲ್ಕು ಪುಟಗಳ ಒಂದು ನಮೂನೆ ನನ್ನ ಕೈಗೆ ಬಂತು. ಸಿಎಸ್‌ಆರ್, ಅಂದರೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ನೆರವು ಕೇಳುವ ಸಂಸ್ಥೆಗಳಿಗೆ ನೂರು ಅಂಕಗಳ ಪರೀಕ್ಷೆ. ಲೆಕ್ಕಪರಿಶೋಧನೆಗೆ ಇಷ್ಟು, ಆಡಳಿತ ಮಂಡಳಿಗೆ ಇಷ್ಟು, ವೆಬ್‌ಸೈಟಿಗೆ ಇಷ್ಟು. ಅರವತ್ತು ಮುಟ್ಟದಿದ್ದರೆ ಅರ್ಜಿ ಪಕ್ಕಕ್ಕೆ. ತಲೆಬರಹ ‘ಗುಣಮಟ್ಟ ಸುಧಾರಣಾ ಚೌಕಟ್ಟು’. ನಾಲ್ಕೂ ಪುಟ ತಿರುವಿದೆ. ಸುಧಾರಣೆಯ ಮಾತು ತಲೆಬರಹದಲ್ಲಿ ಬಿಟ್ಟರೆ ಮತ್ತೆಲ್ಲೂ ಇರಲಿಲ್ಲ. ಪಕ್ಕದಲ್ಲಿ ಕೂತಿದ್ದವರು ಅಕ್ಕಲಕೋಟೆ ತಾಲ್ಲೂಕಿನ ಬಚತ್ ಗಟಗಳಿಗೆ, ಅಂದರೆ ಸ್ವಸಹಾಯ ಗುಂಪುಗಳಿಗೆ, ಲೆಕ್ಕ ಬರೆಯಲು ಕಲಿಸುವ ಅಕ್ಕ. ‘ಸರ್ರ, ಇದರಾಗ ನಮ್ಮ ಕೆಲಸದ ಕಾಲಮ್ ಯಾವುದ್ರಿ?’ ಎಂದು ಕೇಳಿದರು. ಅಂಥದೊಂದು ಕಾಲಮ್ಮೇ ಇರಲಿಲ್ಲ.

ಆ ಪ್ರಶ್ನೆಯೇ ಈ ಲೇಖನ ಬರೆಸಿದೆ. ಬೆಂಬಲ ಸಂಸ್ಥೆ ಎಂದರೆ ಜನರ ನಡುವೆ ನೇರವಾಗಿ ಕೆಲಸ ಮಾಡುವ ಸಣ್ಣ ಸಂಸ್ಥೆ, ಮಂಡಳ, ಗುಂಪುಗಳ ಬೆನ್ನಿಗೆ ನಿಲ್ಲುವ ಸಂಸ್ಥೆ. ನೋಂದಣಿಗೆ ಕಾಗದ ಜೋಡಿಸಿಕೊಡುವುದು, ಕೀರ್ದಿ ಬರೆಸುವುದು, ಠರಾವು ಹೇಗೆ ಬರೆಯಬೇಕೆಂದು ತೋರಿಸುವುದು, ಅಧ್ಯಕ್ಷೆಗೂ ಕಾರ್ಯದರ್ಶಿಗೂ ಮಾತು ಬಿಟ್ಟಾಗ ನಡುವೆ ಕೂತು ಬಗೆಹರಿಸುವುದು ಅದರ ಕೆಲಸ. ಈ ಕೆಲಸ ಫೋಟೋದಲ್ಲಿ ಕಾಣಿಸುವುದಿಲ್ಲ.

ಹಳೆಯದನ್ನು ಬೇಗ ಹೇಳಿಬಿಡುತ್ತೇನೆ. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮ ಕೆರೆ ಕಟ್ಟಿಸಿದ ಊರು ಸೋಲಾಪುರ. ಕೂಡಿ ದುಡಿಯುವುದನ್ನು ಇಲ್ಲಿ ಯಾರೂ ಹೊರಗಿನಿಂದ ತಂದು ಕಲಿಸಬೇಕಾಗಿರಲಿಲ್ಲ. ಕಾಗದದ ಲೋಕ ಶುರುವಾದದ್ದು 1860ರ ಸಂಘಗಳ ನೋಂದಣಿ ಕಾಯ್ದೆಯಿಂದ. 1950ರ ಮುಂಬಯಿ ಸಾರ್ವಜನಿಕ ವಿಶ್ವಸ್ತ ಸಂಸ್ಥೆಗಳ ಕಾಯ್ದೆ ಬಂದಮೇಲೆ ಇಲ್ಲಿನ ಸಂಘಗಳು ಧರ್ಮದಾಯ ಆಯುಕ್ತರ ಕಣ್ಗಾವಲಿಗೂ ಒಳಪಟ್ಟವು. ಗಡಿಯಾಚೆ ಆಳಂದ, ಅಫಜಲಪುರದ ಸಂಘಗಳಿಗೆ ಕರ್ನಾಟಕದ 1960ರ ಕಾಯ್ದೆ. ಎರಡೂ ಕಡೆ ಸರ್ಕಾರ ಕೇಳಿದ್ದು ಒಂದೇ: ವರದಿ ಸಲ್ಲಿಸಿದ್ದೀರಾ? ಕೆಲಸ ಹೇಗೆ ನಡೆದಿದೆ, ಮುಂದಿನ ವರ್ಷ ಅದು ಹೇಗೆ ಸುಧಾರಿಸುತ್ತದೆ ಎಂದು ಯಾರೂ ಕೇಳಲಿಲ್ಲ.

ಆ ಪ್ರಶ್ನೆ ಹುಟ್ಟಿದ್ದು ಕಾರ್ಖಾನೆಯಲ್ಲಿ. 1950ರಲ್ಲಿ ಎಡ್ವರ್ಡ್ಸ್ ಡೆಮಿಂಗ್ ಜಪಾನಿನ ಇಂಜಿನಿಯರುಗಳಿಗೆ ಪಾಠ ಹೇಳಿದರು. ತಯಾರಾದ ಮಾಲನ್ನು ಕೊನೆಯಲ್ಲಿ ಪರೀಕ್ಷಿಸಿ ಕೆಟ್ಟದ್ದನ್ನು ಎಸೆದರೆ ಗುಣಮಟ್ಟ ಬರುವುದಿಲ್ಲ, ಮಾಲು ತಯಾರಾಗುವ ರೀತಿಯನ್ನೇ ದಿನವೂ ತಿದ್ದುತ್ತ ಹೋಗಬೇಕು. ಕೆಲಸಗಾರರ ಭಯ ಹೋಗದೆ ಅವರು ತಪ್ಪನ್ನು ತೋರಿಸುವುದಿಲ್ಲ. ಡೆಮಿಂಗ್ ವಿಚಾರದ ತಿರುಳು ಇದೇ. 1962ರಿಂದ ಇಶಿಕಾವಾ ಅವರ ಗುಣಮಟ್ಟ ವೃತ್ತಗಳು ಯಂತ್ರದ ಮುಂದೆ ನಿಂತವರಿಗೇ ಯೋಚಿಸುವ ಅಧಿಕಾರ ಕೊಟ್ಟವು. ಭಾರತಕ್ಕೆ ಅವು 1980ರಲ್ಲಿ ಹೈದರಾಬಾದಿನ ಬಿಎಚ್‌ಇಎಲ್‌ಗೆ ಎಸ್. ಆರ್. ಉಡ್ಪ ಅವರ ಮುತುವರ್ಜಿಯಿಂದ ಬಂದವು. ಚಿಂಚೋಳಿಯಲ್ಲಿ ಕ್ಯಾಮ್‌ಶಾಫ್ಟ್ ಎರಕ ಹೊಯ್ಯುವವರಿಗೂ ರಾಸಾಯನಿಕ ತಯಾರಿಸುವವರಿಗೂ ಇದು ಹೊಸ ಮಾತಲ್ಲ. ಕಾರ್ಖಾನೆಯ ಒಳಗೆ ಅರಗಿಸಿಕೊಂಡ ಪಾಠವನ್ನು ಗೇಟಿನ ಹೊರಗೆ ಮರೆಯುತ್ತಾರಲ್ಲ ಎಂಬುದೇ ನನ್ನ ದುಃಖ. ಸ್ವಯಂಸೇವಾ ಸಂಸ್ಥೆಯ ವಿಷಯ ಬಂದೊಡನೆ ಡೆಮಿಂಗ್ ಬೇಡವೆಂದ ಕೊನೆಯ ತಪಾಸಣೆಯೇ ಮರಳಿ ಬರುತ್ತದೆ.

ಬ್ರಿಟನ್ನಿನಲ್ಲಿ 1997ರಲ್ಲಿ ‘ಪಿಕ್ಯಾಸೋ’ ಎಂಬ ಕೈಪಿಡಿ ಹೊರಬಂತು. ಸಣ್ಣ ಸಂಸ್ಥೆಗಳು ಆಡಳಿತ, ಹಣಕಾಸು, ಸಿಬ್ಬಂದಿ, ಫಲಿತಾಂಶ ಎಂದು ತಮ್ಮನ್ನು ತಾವೇ ಹಂತ ಹಂತವಾಗಿ ಅಳೆದುಕೊಳ್ಳಲಿ ಎಂಬುದು ಅದರ ಮೂಲ ಆಶಯ. ಹೊರಗಿನವರ ಪ್ರಮಾಣಪತ್ರ ಆಮೇಲಿನದು. ಸ್ಥಳೀಯ ಬೆಂಬಲ ಸಂಸ್ಥೆಗಳ ಒಕ್ಕೂಟವಾದ ‘ನಾವ್ಕಾ’ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಇತರರನ್ನು ಬಲಪಡಿಸುವವರಿಗೇ ಬೇರೆಯ ಮಾನದಂಡ ಬೇಕು ಎಂದು ಒಪ್ಪಿಕೊಂಡಿತು. ನಮ್ಮಲ್ಲಿ ಈ ಒಪ್ಪಿಗೆ ಇವತ್ತಿಗೂ ಬಂದಿಲ್ಲ.

ಹಾಗೆಂದು ನಮ್ಮಲ್ಲಿ ಏನೂ ಇರಲಿಲ್ಲವೆಂದಲ್ಲ. ನಾನು ಈ ಕೆಲಸ ಕಲಿತ ಕಾಲದ ದೊಡ್ಡ ಪಾಠಶಾಲೆ ಮೈರಾಡ. ಟಿಬೆಟಿನ ನಿರಾಶ್ರಿತರ ಪುನರ್ವಸತಿಗೆಂದು 1968ರಲ್ಲಿ ಹುಟ್ಟಿದ ಈ ಸಂಸ್ಥೆ 1980ರ ದಶಕದಲ್ಲಿ, ಅಲೋಷಿಯಸ್ ಫರ್ನಾಂಡಿಸ್ ಅವರ ಮುಂದಾಳ್ತನದಲ್ಲಿ, ಕೋಲಾರದ ಕಡೆ ಒಂದು ವಿಚಿತ್ರ ಕಂಡಿತು. ದೊಡ್ಡ ಸಹಕಾರ ಸಂಘಗಳು ಒಡೆಯುತ್ತಿದ್ದವು. ಆದರೆ ಸದಸ್ಯರು, ಸಂಘಕ್ಕೆ ಕಟ್ಟುವುದಿಲ್ಲ, ಪರಸ್ಪರ ನಂಬಿಕೆಯಿರುವ ನಮ್ಮ ಸಣ್ಣ ಗುಂಪಿಗೆ ಸಾಲ ಮರಳಿಸುತ್ತೇವೆ ಎಂದರು. ಬೇರೆಯವರಾಗಿದ್ದರೆ ಇದನ್ನು ವಿಫಲತೆಯೆಂದು ಬರೆದು ಕಡತ ಮುಚ್ಚುತ್ತಿದ್ದರು. ಮೈರಾಡ ಜನರ ಹಿಂದೆ ನಡೆಯಿತು. 1987ರಲ್ಲಿ ನಬಾರ್ಡ್ ಪ್ರಯೋಗಕ್ಕೆಂದು 10 ಲಕ್ಷ ರೂಪಾಯಿ ಕೊಟ್ಟಿತು. 1992ರಲ್ಲಿ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ರಾಷ್ಟ್ರೀಯ ಪ್ರಯೋಗ 500 ಗುಂಪುಗಳ ಗುರಿಯೊಂದಿಗೆ ಆರಂಭವಾಯಿತು.

ನಿಯಮಿತ ಸಭೆ, ನಿಯಮಿತ ಉಳಿತಾಯ, ಆಂತರಿಕ ಸಾಲ, ಸಕಾಲ ಮರುಪಾವತಿ, ಸರಿಯಾದ ಲೆಕ್ಕ ಎಂದು ಇಂದು ಪಂಚಸೂತ್ರವೆಂಬ ಹೆಸರಿನಲ್ಲಿ ಪ್ರಸಿದ್ಧವಾದದ್ದು ಈ ಅನುಭವದಿಂದ ಹದಗೊಂಡ ತಿಳಿವಳಿಕೆ. ಮಹಾರಾಷ್ಟ್ರದಲ್ಲಿ ಆರೋಗ್ಯ, ಶಿಕ್ಷಣಗಳೂ ಸೇರಿ ಅದು ದಶಸೂತ್ರಿಯಾಯಿತು. ನನ್ನ ದೃಷ್ಟಿಯಲ್ಲಿ ಈ ದೇಶ ಕಂಡ ಅತ್ಯುತ್ತಮ ಗುಣಮಟ್ಟ ಚೌಕಟ್ಟು ಇದೇ. ಅಕ್ಷರ ಬಾರದ ಹೆಣ್ಣುಮಗಳೂ ಬೆರಳು ಮಡಚಿ ಎಣಿಸಬಲ್ಲಳು. ಎಣಿಸಿದ ಮೇಲೆ ಎಲ್ಲಿ ತಪ್ಪಿದ್ದೇವೆಂದು ಅವಳಿಗೇ ಗೊತ್ತಾಗುತ್ತದೆ.

ಗುಂಪಿಗೆ ಸೂತ್ರ ಸಿಕ್ಕಿತು. ಗುಂಪುಗಳಿಗೆ ಬೆಂಬಲ ಕೊಡುವವರ ಗತಿಯೇನು? ಅದಕ್ಕೂ ಮೈರಾಡ ಉತ್ತರ ಹುಡುಕಿತು: ಸಮುದಾಯ ನಿರ್ವಹಿತ ಸಂಪನ್ಮೂಲ ಕೇಂದ್ರ. ಗುಂಪುಗಳೇ ಶುಲ್ಕ ಕೊಟ್ಟು, ಗುಂಪುಗಳಿಂದಲೇ ಬಂದವರು ನಡೆಸುವ ಬೆಂಬಲ ಸಂಸ್ಥೆ. ಮಹಾರಾಷ್ಟ್ರದ ಮಹಿಳಾ ಆರ್ಥಿಕ ವಿಕಾಸ ಮಹಾಮಂಡಳ, ಅಂದರೆ ಮಾವಿಮ್, 2007ರ ತೇಜಸ್ವಿನಿ ಯೋಜನೆಯಲ್ಲಿ ಈ ವಿಚಾರವನ್ನೇ ‘ಲೋಕಸಂಚಾಲಿತ ಸಾಧನ ಕೇಂದ್ರ’ವೆಂದು ರಾಜ್ಯದ ತುಂಬ ಬೆಳೆಸಿತು. ಇಂಥ ಕೇಂದ್ರಗಳು ಮುನ್ನೂರು ದಾಟಿದವು. ಸೇವೆಗೆ ಗುಂಪು ಹಣ ಕೊಡುತ್ತದೆ ಎಂಬ ಒಂದೇ ಬದಲಾವಣೆಯಿಂದ ಪ್ರಶ್ನೆ ಕೇಳುವ ಹಕ್ಕು ಮೇಲಿನವರಿಂದ ಕೆಳಗಿನವರಿಗೆ ಬಂತು.

ಗುಂಪುಗಳು ತಮ್ಮ ಕೇಂದ್ರದ ಸೇವೆಯನ್ನು ಅಳೆದು ನೋಡುವ ಒಂದು ಸಭೆಯಲ್ಲಿ, ನಾಗಣಸೂರಿನ ಕಡೆ, ನಾನು ಕೂತಿದ್ದೆ. ‘ತರಬೇತಿ ಸಕಾಲಕ್ಕೆ ಸಿಗುತ್ತದೆಯೇ’ ಎಂಬುದಕ್ಕೆ ಹೆಂಗಸರು ಐದರಲ್ಲಿ ಎರಡು ಕಾಳು ಇಟ್ಟರು. ತರಬೇತುದಾರರ ಮುಖ ಬಾಡಿತು. ಯಾಕೆಂದು ಕೇಳಿದಾಗ ಹಿಂದೆ ಕೂತಿದ್ದ ಒಬ್ಬ ಅಜ್ಜಿ, ‘ತೊಗರಿ ರಾಶಿ ನಡದಾಗ ಕರದ್ರ ಯಾರ ಬರ್ತಾರವಾ?’ ಎಂದಳು. ಮುಂದಿನ ವರ್ಷ ತರಬೇತಿ ಸುಗ್ಗಿ ಮುಗಿದಮೇಲೆ ನಡೆಯಿತು, ಕಾಳು ನಾಲ್ಕಾದವು. ನೂರಂಕದ ನಮೂನೆಯಲ್ಲಿ ಆ ಎರಡು ಕಾಳು ಕೇಂದ್ರವನ್ನು ಹೊರಗಿಡಲು ಸಾಕಾಗುತ್ತಿತ್ತು.

ಇದೇ ಹೊತ್ತಿಗೆ ಇನ್ನೊಂದು ಧಾರೆ ಬೆಳೆಯುತ್ತಿತ್ತು. 2004ರಲ್ಲಿ ನೋಂದಣಿಯಾದ ಕ್ರೆಡಿಬಿಲಿಟಿ ಅಲಯನ್ಸ್ ಸಂಸ್ಥೆಗಳಿಗೆ ಕನಿಷ್ಠ ನಿಯಮ, ಅಪೇಕ್ಷಿತ ನಿಯಮ ಎಂದು ಎರಡು ಮೆಟ್ಟಿಲು ಮಾಡಿತು. ಕ್ಷೇತ್ರದವರೇ ಕೂತು ಚರ್ಚಿಸಿ ರೂಪಿಸಿದ ಪ್ರಾಮಾಣಿಕ ಪ್ರಯತ್ನ ಅದು. 2014ರ ಏಪ್ರಿಲ್‌ನಲ್ಲಿ ಸಿಎಸ್‌ಆರ್ ಕಡ್ಡಾಯವಾದ ಮೇಲೆ ಗಾಳಿ ಬದಲಾಯಿತು. ಹಣ ಕೊಡುವವರಿಗೆ ಬೇಗ ಆರಿಸಿಕೊಳ್ಳುವ ಜರಡಿ ಬೇಕಾಗಿತ್ತು, ಅಂಕಪಟ್ಟಿ ಜರಡಿಯಾಯಿತು.

ಇಲ್ಲೊಂದು ತಪ್ಪು ಓದು ಎಲ್ಲೆಡೆ ಹಬ್ಬಿದೆ. ಸಿಎಸ್‌ಆರ್ ನಿಯಮದಲ್ಲಿ ಆಡಳಿತ ವೆಚ್ಚಕ್ಕೆ 5 ಪ್ರತಿಶತದ ಮಿತಿ ಇರುವುದು ಕಂಪನಿಯ ಸ್ವಂತ ಖರ್ಚಿಗೆ; 2021ರ ತಿದ್ದುಪಡಿ ಇದನ್ನು ಸ್ಪಷ್ಟವಾಗಿಯೇ ಹೇಳುತ್ತದೆ. ಆದರೂ ಅದನ್ನು ಸಂಸ್ಥೆಗಳ ಕುತ್ತಿಗೆಗೆ ಕಟ್ಟುವ ರೂಢಿ ಬಿದ್ದಿದೆ. 2014ರ ನಿಯಮದಲ್ಲಿ ಅನುಷ್ಠಾನ ಸಂಸ್ಥೆಗಳ ಸಾಮರ್ಥ್ಯ ಬೆಳೆಸಲು ಆ 5 ಪ್ರತಿಶತದೊಳಗೇ ಸಣ್ಣ ಜಾಗವಿತ್ತು. 2021ರಲ್ಲಿ ಆ ಮಾತೇ ಕೈಬಿಟ್ಟುಹೋಯಿತು. 2020ರಲ್ಲಿ ವಿದೇಶಿ ದೇಣಿಗೆ ಕಾಯ್ದೆಗೆ ಬಂದ ತಿದ್ದುಪಡಿ ಆಡಳಿತ ವೆಚ್ಚದ ಮಿತಿಯನ್ನು 50ರಿಂದ 20 ಪ್ರತಿಶತಕ್ಕೆ ಇಳಿಸಿತು. ಒಂದು ಸಂಸ್ಥೆ ಪಡೆದ ವಿದೇಶಿ ದೇಣಿಗೆಯನ್ನು ಇನ್ನೊಂದಕ್ಕೆ ವರ್ಗಾಯಿಸುವುದನ್ನೂ ನಿಷೇಧಿಸಿತು. ಬೆಂಬಲ ಸಂಸ್ಥೆಯ ಕೆಲಸವೇ ಸಂಬಳ, ಪ್ರಯಾಣ, ತರಬೇತಿ. ಇವೆಲ್ಲ ‘ಆಡಳಿತ ವೆಚ್ಚ’ವಾದರೆ ಅದು ಬದುಕುವುದು ಯಾವುದರ ಮೇಲೆ? ಗುಣಮಟ್ಟ ಬೇಕೆಂದು ಕೇಳುವವರೇ ಅದನ್ನು ಬೆಳೆಸುವವರ ಸಂಬಳ ಕತ್ತರಿಸಿದ್ದಾರೆ.

ನಮ್ಮ ಗಡಿಪಟ್ಟಿಯಲ್ಲಿ ಇದರ ಮೇಲೆ ಭಾಷೆಯ ತೊಡಕು ಬೇರೆ. ಮೈಂದರ್ಗಿ, ದುಧನಿ, ತಡವಳದ ಗುಂಪುಗಳಲ್ಲಿ ಮಾತು ಕನ್ನಡದ್ದು. ದಶಸೂತ್ರಿಯ ವಹಿ ಮರಾಠಿಯದು, ಸಿಎಸ್‌ಆರ್ ನಮೂನೆ ಇಂಗ್ಲಿಷಿನದು. ತನ್ನನ್ನು ತಾನು ಅಳೆದುಕೊಳ್ಳುವ ಕೆಲಸ ಇನ್ನೊಬ್ಬರ ಭಾಷೆಯಲ್ಲಿ ಆಗುವುದಿಲ್ಲ. ಆಗ ಉತ್ತರ ಬರೆಯುವವನು ಭಾಷೆ ಬಲ್ಲ ಯಾವನೋ ಹುಡುಗ. ಕರ್ನಾಟಕದ ಗಡಿ ಪ್ರದೇಶಾಭಿವೃದ್ಧಿ ಪ್ರಾಧಿಕಾರ ಗಡಿಯಾಚೆಯ ಕನ್ನಡ ಸಂಸ್ಥೆಗಳಿಗೆ ನೆರವು ಕೊಡುತ್ತ ಬಂದಿದೆ. ಕಟ್ಟಡ, ಕಾರ್ಯಕ್ರಮಗಳ ಜತೆಗೆ ಕನ್ನಡದಲ್ಲಿ ಲೆಕ್ಕ ಕಲಿಸುವ ಇಬ್ಬರ ಸಂಬಳಕ್ಕೂ ಅದರಲ್ಲಿ ಜಾಗವಿರಬೇಕು. ಚಿಂಚೋಳಿಯ ಕಾರ್ಖಾನೆಗಳು ಹಣ ಕೊಡದಿದ್ದರೂ ಚಿಂತೆಯಿಲ್ಲ, ತಮ್ಮ ಗುಣಮಟ್ಟ ವೃತ್ತದ ಒಬ್ಬ ಅನುಭವಿ ಕೆಲಸಗಾರನನ್ನು ತಿಂಗಳಿಗೊಂದು ದಿನ ಕಳಿಸಿಕೊಡಲಿ. ಅವನಿಗೆ ಗೊತ್ತಿರುವುದೇ ನಮಗೆ ಬೇಕಾದದ್ದು.

ಆ ದಿನದ ನಮೂನೆ ಆ ಅಕ್ಕನ ಹತ್ತಿರವೇ ಉಳಿಯಿತು. ಹಿಂಬದಿಯ ಖಾಲಿ ಪುಟಗಳಲ್ಲಿ ಅವರು ತಮ್ಮ ಕೆಲಸದ ಹನ್ನೊಂದು ಪ್ರಶ್ನೆಗಳನ್ನು ಕನ್ನಡದಲ್ಲಿ ಬರೆದಿದ್ದಾರೆ. ಮೊದಲನೆಯದು: ನಾವು ಹೋಗದಿದ್ದ ತಿಂಗಳೂ ಗುಂಪಿನ ಕೀರ್ದಿ ಬರೆದಿತ್ತೇ?