ದಾಳದಾಟದಲ್ಲಿ ಪರಕಾಯ ಪ್ರವೇಶ

ಅಮೆರಿಕದ ಮಿನಿಯಾಪೊಲಿಸ್–ಸೇಂಟ್ ಪಾಲ್ ಅವಳಿ ನಗರದಲ್ಲಿ 1960ರ ದಶಕದ ಕೊನೆಗೆ ಯುದ್ಧದಾಟದ ಗೀಳು ಹತ್ತಿಸಿಕೊಂಡ ಒಂದು ಗುಂಪಿತ್ತು. ಮೇಜಿನ ಮೇಲೆ ಪುಟ್ಟ ಸೈನಿಕರನ್ನು ಜೋಡಿಸಿ ನೆಪೋಲಿಯನ್ ಕಾಲದ ಕದನಗಳನ್ನು ಆಡುವುದು ಅವರ ಹವ್ಯಾಸ. 1969ರಲ್ಲಿ ಆ ಗುಂಪಿನ ಡೇವಿಡ್ ವೆಸೆಲಿ, ಬ್ರೌನ್‌ಸ್ಟೈನ್ ಎಂಬ ಕಲ್ಪಿತ ಜರ್ಮನ್ ಊರನ್ನು ಕಟ್ಟಿ, ಸೇನಾಪತಿಗಳ ಜೊತೆಗೆ ಮೇಯರ್, ಬ್ಯಾಂಕಿನ ಧಣಿ, ವಿಶ್ವವಿದ್ಯಾಲಯದ ಕುಲಪತಿ ಎಂದು ಒಬ್ಬೊಬ್ಬರಿಗೆ ಒಂದೊಂದು ಪಾತ್ರ ಹಂಚಿದರು. ಕದನ ಹಿಂದೆ ಬಿತ್ತು. ಆಟಗಾರರು ಮೂಲೆ ಹಿಡಿದು ಪಿಸುಗುಟ್ಟಿದರು, ಸಂಚು ಹೂಡಿದರು, ಇಬ್ಬರಂತೂ ದ್ವಂದ್ವಯುದ್ಧಕ್ಕೇ ಸಜ್ಜಾದರು. ಅದಕ್ಕೆ ನಿಯಮವೇ ಇರಲಿಲ್ಲ. ಆಟ ಕೆಟ್ಟುಹೋಯಿತೆಂದು ವೆಸೆಲಿ ಅಂದುಕೊಂಡರೆ, ಆಡಿದವರು ಇನ್ನೊಮ್ಮೆ ಆಡಿಸಿ ಎಂದು ದುಂಬಾಲು ಬಿದ್ದರು.

ಮುಂದೆ ಇದೇ ಮಾದರಿಯ ಆಟವೊಂದು ಲ್ಯಾಟಿನ್ ಅಮೆರಿಕದ ಕಲ್ಪಿತ ದೇಶದಲ್ಲಿ ನಡೆದಾಗ, ಕ್ರಾಂತಿಕಾರಿ ವಿದ್ಯಾರ್ಥಿಯ ಪಾತ್ರ ಸಿಕ್ಕಿದ್ದ, ಅದೇ ಗುಂಪಿನ ಡೇವ್ ಆರ್ನೆಸನ್ ನಕಲಿ ಸಿಐಎ ಗುರುತುಚೀಟಿ ಮಾಡಿಕೊಂಡೇ ಬಂದಿದ್ದರು. ಉಳಿದವರನ್ನೆಲ್ಲ ನಂಬಿಸಿದರು. ಇಂಥ ಕೆಲಸ ಮಾಡೆಂದು ಯಾವ ನಿಯಮವೂ ಅವರಿಗೆ ಹೇಳಿರಲಿಲ್ಲ. ಹೀಗೆ ಪಾತ್ರವಾಗಿ ಆಡುವ ಆಟಗಳ (ರೋಲ್ ಪ್ಲೇಯಿಂಗ್ ಗೇಮ್) ಇತಿಹಾಸವನ್ನು ‘ಮೊದಲು ಬರೀ ದಾಳ, ಆಮೇಲೆ ಭಾವ’ ಎಂದು ಹೇಳುವ ರೂಢಿಯಿದೆ. ನನಗದು ಒಪ್ಪಿಗೆಯಿಲ್ಲ. ಪಾತ್ರದೊಳಕ್ಕೆ ಹೋಗುವವರು ಮೊದಲಿನಿಂದಲೂ ಇದ್ದರು. ಏದುಸಿರು ಬಿಡುತ್ತ ಅವರ ಹಿಂದೆ ಓಡಿ ಬಂದದ್ದು ನಿಯಮಪುಸ್ತಕ.

ಆರ್ನೆಸನ್ ಮತ್ತು ಗ್ಯಾರಿ ಗೈಗ್ಯಾಕ್ಸ್ 1974ರಲ್ಲಿ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಅನ್ನೇ ನೋಡಿ. ಮೂರು ಕಿರುಹೊತ್ತಗೆಗಳ ಆ ಪೆಟ್ಟಿಗೆ ತನ್ನನ್ನು ಕರೆದುಕೊಂಡದ್ದು ಯುದ್ಧದಾಟ ಎಂದೇ. ಮೂರು ದಾಳ ಉರುಳಿಸಿ ಬಲ, ಬುದ್ಧಿ ಮುಂತಾದ ಆರು ಗುಣಗಳಿಗೆ ಅಂಕ ಬರೆದುಕೊಂಡರೆ ಪಾತ್ರ ಸಿದ್ಧ. ಸ್ವಭಾವದ ವಿಷಯಕ್ಕೆ ಇದ್ದದ್ದು ಧರ್ಮ, ತಾಟಸ್ಥ್ಯ, ಅರಾಜಕತೆ ಎಂಬ ಮೂರು ಪಂಗಡ ಮಾತ್ರ. 1977ರ ‘ಟ್ರಾವೆಲರ್’ ಪಾತ್ರಕ್ಕೊಂದು ಪೂರ್ವಚರಿತ್ರೆ ಕೊಟ್ಟಿತು. ಸೇನೆಯಲ್ಲೋ ವ್ಯಾಪಾರದಲ್ಲೋ ವರ್ಷಗಟ್ಟಲೆ ದುಡಿದು ಬಂದ ಮನುಷ್ಯ ಅಲ್ಲಿ ಸಿಗುತ್ತಾನೆ. ದಾಳ ಕೈಕೊಟ್ಟರೆ ಆಟ ಶುರುವಾಗುವ ಮುಂಚೆಯೇ ಸತ್ತೂ ಹೋಗುತ್ತಾನೆ!

1980ರಲ್ಲಿ ಗ್ಲೆನ್ ಬ್ಲೇಕೊ ಆಟದ ಶೈಲಿಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿ, ಪಾತ್ರವಾಗಿ ಬಾಳುವುದನ್ನು ಅವುಗಳಲ್ಲೊಂದಾಗಿ ಗುರುತಿಸಿದರು. ಮೂರು ವರ್ಷಗಳ ನಂತರ ಸಮಾಜಶಾಸ್ತ್ರಜ್ಞ ಗ್ಯಾರಿ ಅಲನ್ ಫೈನ್ ‘ಶೇರ್ಡ್ ಫ್ಯಾಂಟಸಿ’ ಎಂಬ ಪುಸ್ತಕದಲ್ಲಿ, ಮೇಜಿನ ಸುತ್ತ ಕೂತವರು ಮನುಷ್ಯ, ಆಟಗಾರ, ಪಾತ್ರ ಎಂಬ ಮೂರು ನೆಲೆಗಳ ನಡುವೆ ಸದಾ ಓಡಾಡುತ್ತಿರುತ್ತಾರೆ ಎಂದು ತೋರಿಸಿದರು. ಇದೇ ಹೊತ್ತಿನಲ್ಲಿ ಅಮೆರಿಕದಲ್ಲಿ, ಈ ಆಟ ಮಕ್ಕಳ ತಲೆ ಕೆಡಿಸುತ್ತದೆ, ಪಾತ್ರದೊಳಗೆ ಹೋದವರು ವಾಪಸ್ ಬರುವುದಿಲ್ಲ ಎಂಬ ಗುಲ್ಲು ಎದ್ದಿತ್ತು. ವೇಷಭೂಷಣವಿಲ್ಲದೆ ಕೂತಲ್ಲೇ ರಾವಣನಾಗಿ ವಾದಿಸಿ, ಮುಗಿದ ಮೇಲೆ ಚಹಾ ಕುಡಿದು ಮನೆಗೆ ಹೋಗುವ ತಾಳಮದ್ದಳೆಯ ಅರ್ಥಧಾರಿಗಳನ್ನು ಕಂಡ ನಮಗೆ ಆ ಭಯ ವಿಚಿತ್ರವಾಗಿ ಕಾಣುತ್ತದೆ.

ನನ್ನ ಲೆಕ್ಕದಲ್ಲಿ ದೊಡ್ಡ ತಿರುವು ಬಂದದ್ದು ಗ್ರೆಗ್ ಸ್ಟಾಫರ್ಡ್ 1985ರಲ್ಲಿ ರಚಿಸಿದ ‘ಪೆಂಡ್ರ್ಯಾಗನ್’ನಿಂದ. ಆರ್ಥರ್ ರಾಜನ ಕಾಲದ ನೈಟ್‌ಗಳ ಕಥೆಯದು. ದಯೆ–ಕ್ರೌರ್ಯ, ಶೌರ್ಯ–ಹೇಡಿತನ ಎಂಬಂಥ ಹದಿಮೂರು ಜೋಡಿ ಗುಣಗಳು. ಪ್ರತಿ ಜೋಡಿಯ ಮೊತ್ತ 20. ದಯೆ 14ಕ್ಕೆ ಏರಿದರೆ ಕ್ರೌರ್ಯ 6ಕ್ಕೆ ಇಳಿಯಬೇಕು. ಇಕ್ಕಟ್ಟಿನ ಗಳಿಗೆಯಲ್ಲಿ ಇಪ್ಪತ್ತು ಮುಖದ ದಾಳ ಉರುಳಿಸಿದಾಗ, ಶರಣಾದ ಶತ್ರುವನ್ನು ಬಿಡಬೇಕೆಂದಿದ್ದ ಆಟಗಾರನ ನೈಟ್ ಆ ಶತ್ರುವನ್ನು ಕೊಂದುಬಿಡಬಹುದು. ಪ್ರೇಮ, ಸ್ವಾಮಿನಿಷ್ಠೆಗಳಿಗೂ ಅಂಕವಿದೆ. ಅವು ಕೈಕೊಟ್ಟರೆ ನೈಟ್ ವಿಷಾದಕ್ಕೆ, ಕೆಲವೊಮ್ಮೆ ಹುಚ್ಚಿಗೆ ಜಾರುತ್ತಾನೆ. ಆಟಗಾರನ ಸ್ವಾತಂತ್ರ್ಯವನ್ನೇ ಕಿತ್ತುಕೊಂಡ ಹಾಗಾಯಿತಲ್ಲ ಎಂದು ಅನೇಕರು ಗೊಣಗಿದ್ದಾರೆ. ಆದರೆ ನಮ್ಮ ಸಿಟ್ಟು ನಮ್ಮನ್ನು ಕೇಳಿಯೇ ಬರುತ್ತದೆಯೇ? ತನ್ನ ಪಾತ್ರ ತನಗೇ ಎದುರು ನಿಂತಾಗ ಅದು ತನ್ನಿಂದ ಬೇರೆಯಾದ ಒಂದು ಜೀವ ಎಂಬ ಅರಿವು ಆಟಗಾರನಿಗಾಗುತ್ತದೆ. ಕಂಠ ಬದಲಿಸಿ ಮಾತಾಡಿದ ಮಾತ್ರಕ್ಕೆ ಇದು ದಕ್ಕುವುದಿಲ್ಲ.

1991ರ ‘ವ್ಯಾಂಪೈರ್: ದಿ ಮಾಸ್ಕರೇಡ್’ ಒಳಗಿನ ಸ್ವಭಾವ ಬೇರೆ, ಹೊರಗೆ ತೋರುವ ಮುಖ ಬೇರೆ ಎಂದು ಎರಡನ್ನೂ ಬರೆಸಿಕೊಂಡಿತು, ಮನುಷ್ಯತ್ವ ಕರಗುವುದನ್ನು ಅಂಕದಲ್ಲಿ ಅಳೆಯಿತು. ಆಮೇಲೆ ಬಂದದ್ದು ಸಿದ್ಧಾಂತಗಳ ಸುಗ್ಗಿ. ನಾರ್ಡಿಕ್ ದೇಶಗಳಲ್ಲಿ ಪೂರ್ಣ ತಲ್ಲೀನತೆಯೇ ಗುರಿ ಎಂದವರಿದ್ದರು. ಅಮೆರಿಕದಲ್ಲಿ ಆಟ ವಿನ್ಯಾಸಕ ರಾನ್ ಎಡ್ವರ್ಡ್ಸ್ ಬಳಗ ಅದಕ್ಕಿಂತ ಕಥೆ ಕಟ್ಟುವ ಕಡೆಗೆ ವಾಲಿತು. ಆ ಜಗಳಗಳ ಬಹುಪಾಲನ್ನು ಇಂದು ಮರೆತರೆ ನಷ್ಟವೇನಿಲ್ಲ. ಉಳಿದದ್ದು, 2007ರಲ್ಲಿ ಆಟ ವಿನ್ಯಾಸಕಿ ಎಮಿಲಿ ಕೇರ್ ಬಾಸ್ ಹೆಸರಿಟ್ಟ ‘ಬ್ಲೀಡ್’: ಪಾತ್ರದ ದುಃಖ ಆಟಗಾರನಿಗೂ, ಆಟಗಾರನ ಮುನಿಸು ಪಾತ್ರಕ್ಕೂ ಸೋರುವುದು. ಅದನ್ನು ಒಪ್ಪಿಕೊಂಡದ್ದರಿಂದಲೇ ಎಚ್ಚರಿಕೆಯ ಸಾಧನಗಳಿಗೆ ಜಾಗ ಸಿಕ್ಕಿತು. ಜಾನ್ ಸ್ಟಾವ್ರೊಪೌಲೋಸ್ ರೂಪಿಸಿದ ‘ಎಕ್ಸ್ ಕಾರ್ಡ್’ ಮೇಜಿನ ಮೇಲಿದ್ದರೆ, ಮುಟ್ಟಿದರೆ ಸಾಕು. ಕಾರಣ ಹೇಳಬೇಕಿಲ್ಲ, ಸಹಿಸಲಾಗದ ಸಂಗತಿಯನ್ನು ಅಲ್ಲಿಗೇ ಕೈಬಿಡುತ್ತಾರೆ.

2010ರ ‘ಅಪಾಕಲಿಪ್ಸ್ ವರ್ಲ್ಡ್’ನಲ್ಲಿ ವಿನ್ಸೆಂಟ್ ಬೇಕರ್, ಆಟ ನಡೆಸುವವರು ಆಟಗಾರರ ಹೆಸರು ಹಿಡಿಯದೆ ಪಾತ್ರಗಳನ್ನೇ ಕರೆದು ಮಾತಾಡಿಸಬೇಕೆಂದು ಬರೆದರು. ಸಣ್ಣ ಸೂಚನೆ, ಆದರೆ ಮೇಜಿನ ಹವೆಯನ್ನೇ ಬದಲಿಸುತ್ತದೆ. 2014ರ ಹೊತ್ತಿಗೆ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಕೂಡ ಆದರ್ಶ, ನಂಟು, ದೌರ್ಬಲ್ಯಗಳನ್ನು ಪಾತ್ರದ ಹಾಳೆಯಲ್ಲಿ ಬರೆಸತೊಡಗಿತು. ಮರುವರ್ಷ ವೃತ್ತಿಪರ ಕಂಠದಾನ ಕಲಾವಿದರು ಇದೇ ಆಟ ಆಡಿ ತೋರಿಸುವ ‘ಕ್ರಿಟಿಕಲ್ ರೋಲ್’ ಪ್ರಸಾರವಾಗತೊಡಗಿ ಲಕ್ಷಾಂತರ ಮಂದಿಯನ್ನು ಸೆಳೆಯಿತು. ಅದರ ಜೊತೆಗೇ, ಅಲ್ಲಿ ಆಟ ನಡೆಸಿದ ಮ್ಯಾಥ್ಯೂ ಮರ್ಸರ್‌ನಂತೆ ಹತ್ತು ಕಂಠದಲ್ಲಿ ಮಾತಾಡಲಾಗದವರು ಈ ಆಟಕ್ಕೆ ನಾಲಾಯಕ್ಕು ಎಂಬ ಅಳುಕೂ ಹೊಸಬರಲ್ಲಿ ಹುಟ್ಟಿತು. ಆದರೆ “ಅವಳು ಬಾಗಿಲು ತೆರೆಯುವುದಿಲ್ಲ, ಒಳಗಿರುವುದು ಅವಳ ತಮ್ಮ” ಎಂದು ತನ್ನದೇ ಸಪ್ಪೆ ದನಿಯಲ್ಲಿ ಹೇಳುವವಳೂ ಪಾತ್ರದೊಳಗೇ ಇದ್ದಾಳೆ.

ಈಚೆಗೆ ಮೇಜಿನ ಸುತ್ತಲಿನ ಜನರೂ ಬೇಕಿಲ್ಲವಾಗಿದೆ. ಟಿಮ್ ಹಚಿಂಗ್ಸ್ ಅವರ ‘ಥೌಸಂಡ್ ಇಯರ್ ಓಲ್ಡ್ ವ್ಯಾಂಪೈರ್’ ಒಬ್ಬರೇ ಕೂತು ಬರೆಯುತ್ತ ಆಡುವ ಆಟ. ರಕ್ತಪಿಶಾಚಿಯ ತಲೆಯಲ್ಲಿ ಐದು ನೆನಪುಗಳಿಗಷ್ಟೇ ಜಾಗ. ಹೊಸದು ಬಂದಾಗ ಹಳೆಯದೊಂದನ್ನು ಹೊಡೆದುಹಾಕಬೇಕು, ಇಲ್ಲವೇ ದಿನಚರಿಗೆ ಸಾಗಿಸಬೇಕು. ಫೈನ್ ಹೇಳಿದ ಮೂರು ನೆಲೆಗಳು ಗುಂಪನ್ನು ನೋಡಿ ಹುಟ್ಟಿದಂಥವು. ನೋಡುವವರೇ ಇಲ್ಲದ ಈ ಆಟಕ್ಕೆ ಅವು ಎಷ್ಟು ಹೊಂದುತ್ತವೆ ಎಂಬುದನ್ನು ವಿಮರ್ಶಕರು ಇನ್ನು ಪರೀಕ್ಷಿಸಬೇಕು.