ಕಂಪನಿ ಆಳ್ವಿಕೆಯಿಂದ ಪ್ರಜಾಸರ್ಕಾರದವರೆಗೆ: ಕೊಳ್ಳೇಗಾಲ–ಯಳಂದೂರು ಸೀಮೆಯ ಇತಿಹಾಸ

ಹೊನ್ನೂರು: ಇಂದು ಚಾಮರಾಜನಗರ ಜಿಲ್ಲೆಯಲ್ಲಿ ಅಕ್ಕಪಕ್ಕದ ತಾಲ್ಲೂಕುಗಳಾಗಿರುವ ಕೊಳ್ಳೇಗಾಲ, ಹನೂರು ಮತ್ತು ಯಳಂದೂರು 1799ರಿಂದ 1956ರವರೆಗೆ, ಅಂದರೆ 157 ವರ್ಷಗಳ ಕಾಲ, ಎರಡು ಬೇರೆ ಬೇರೆ ಸರ್ಕಾರಗಳ ಅಧೀನದಲ್ಲಿದ್ದವು. ಹನೂರು ಭಾಗವನ್ನೂ ಒಳಗೊಂಡ ಕೊಳ್ಳೇಗಾಲವು ಮದ್ರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಯಳಂದೂರು ಮೈಸೂರು ಸಂಸ್ಥಾನದೊಳಗಿನ ಜಹಗೀರಾಗಿತ್ತು. ಒಂದೇ ಭಾಷೆಯನ್ನಾಡುವ, ಒಂದೇ ಸಂತೆಗೆ ಹೋಗುವ ಜನರು ಎರಡು ಕಡೆ ಕಂದಾಯ ಕಟ್ಟುತ್ತಿದ್ದರು. ಈ ಸೀಮೆಯ ಜನರಿಗೆ ತಮ್ಮನ್ನಾಳುವವರನ್ನು ತಾವೇ ಆರಿಸುವ ಅಧಿಕಾರ ಹೇಗೆ ದೊರೆಯಿತು ಎಂಬುದು ತಿಳಿಯಬೇಕಾದ ಸಂಗತಿ.

ಅಮೆರಿಕದ ನಂಟು

ಈ ಕಥೆಯ ಒಂದು ಎಳೆ ಅಮೆರಿಕದವರೆಗೆ ಹೋಗುತ್ತದೆ. ಇಂಗ್ಲಿಷರು 1607ರಲ್ಲಿ ವರ್ಜೀನಿಯಾದ ಜೇಮ್ಸ್‌ಟೌನ್‌ನಲ್ಲಿ ನೆಲೆಯೂರಿದರು. ಮುಂದೆ ಅಟ್ಲಾಂಟಿಕ್ ತೀರದುದ್ದಕ್ಕೂ 13 ವಸಾಹತುಗಳು ಬೆಳೆದವು. ಅಲ್ಲಿನವರಿಗೆ ಸ್ಥಳೀಯ ಶಾಸನಸಭೆಗಳಿದ್ದವು. ಆದರೆ ತೆರಿಗೆ ವಿಧಿಸುತ್ತಿದ್ದ ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಅವರ ಪ್ರತಿನಿಧಿಗಳಿರಲಿಲ್ಲ. ಪ್ರಾತಿನಿಧ್ಯವಿಲ್ಲದೆ ತೆರಿಗೆಯಿಲ್ಲ ಎಂಬ ಕೂಗು ಹುಟ್ಟಿದ್ದು ಇದರಿಂದಲೇ. 1773ರ ಡಿಸೆಂಬರ್ 16ರಂದು ಬೋಸ್ಟನ್ ಬಂದರಿನಲ್ಲಿ ಅವರು ಸಮುದ್ರಕ್ಕೆ ಚೆಲ್ಲಿದ ಚಹಾ ಈಸ್ಟ್ ಇಂಡಿಯಾ ಕಂಪನಿಯದು. ಅದೇ ಕಂಪನಿ ಕಾಲು ಶತಮಾನದ ನಂತರ ಕೊಳ್ಳೇಗಾಲದ ಒಡೆಯನಾಯಿತು.

ವಸಾಹತುಗಳು 1776ರಲ್ಲಿ ಸ್ವಾತಂತ್ರ್ಯ ಘೋಷಿಸಿ ಯುದ್ಧ ಮುಂದುವರಿಸಿದಾಗ ಮೈಸೂರಿನ ಹೈದರಾಲಿಯೂ ಕಂಪನಿಯ ವಿರುದ್ಧ ಹೋರಾಡುತ್ತಿದ್ದ. ಪೆನ್ಸಿಲ್ವೇನಿಯಾದವರು ತಮ್ಮ ಯುದ್ಧನೌಕೆಯೊಂದಕ್ಕೆ ಅವನ ಹೆಸರನ್ನೇ ಇಟ್ಟರು. ‘ಹೈದರ್ ಅಲಿ’ ನೌಕೆಯು 1782ರ ಏಪ್ರಿಲ್‌ನಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷರ ‘ಜನರಲ್ ಮಂಕ್’ ನೌಕೆಯನ್ನು ಸೆರೆಹಿಡಿಯಿತು.

1781ರ ಅಕ್ಟೋಬರ್‌ನಲ್ಲಿ ಯಾರ್ಕ್‌ಟೌನ್‌ನಲ್ಲಿ ಶರಣಾದ ಸೈನ್ಯದ ದಂಡನಾಯಕ ಲಾರ್ಡ್ ಕಾರ್ನ್‌ವಾಲಿಸ್. ಅವನೇ ಮುಂದೆ ಗವರ್ನರ್ ಜನರಲ್ ಆಗಿ ಭಾರತಕ್ಕೆ ಬಂದು 1792ರಲ್ಲಿ ಟಿಪ್ಪು ಸುಲ್ತಾನನನ್ನು ಸೋಲಿಸಿ ಅವನ ರಾಜ್ಯದ ಅರ್ಧಭಾಗವನ್ನು ಕಿತ್ತುಕೊಂಡ. ಅಮೆರಿಕನ್ನರು 1787ರಲ್ಲಿ ಸಂವಿಧಾನ ರಚಿಸಿ, 1789ರಲ್ಲಿ ಜಾರ್ಜ್ ವಾಷಿಂಗ್ಟನ್ ಅವರನ್ನು ಮೊದಲ ಅಧ್ಯಕ್ಷರನ್ನಾಗಿ ಹೊಂದಿದರು. ಅದಾದ ಹತ್ತು ವರ್ಷಗಳಿಗೆ ಶ್ರೀರಂಗಪಟ್ಟಣ ಪತನಗೊಂಡಿತು.

1799ರ ವಿಭಜನೆ

1799ರ ಮೇ 4ರಂದು ಟಿಪ್ಪು ಮಡಿದ ಬಳಿಕ ಅವನ ರಾಜ್ಯವನ್ನು ಒಪ್ಪಂದದ ಮೂಲಕ ಹಂಚಲಾಯಿತು. ನಡುಭಾಗವನ್ನು ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಕೊಟ್ಟು, ಪೂರ್ಣಯ್ಯನವರನ್ನು ದಿವಾನರನ್ನಾಗಿ ನೇಮಿಸಲಾಯಿತು. ಕೊಯಮತ್ತೂರು, ಕೆನರಾ ಮೊದಲಾದ ಪ್ರದೇಶಗಳನ್ನು ಕಂಪನಿ ತಾನೇ ಇಟ್ಟುಕೊಂಡಿತು. ಕೊಳ್ಳೇಗಾಲ ಕೊಯಮತ್ತೂರಿನೊಂದಿಗೆ ಕಂಪನಿಗೆ ಹೋಯಿತು.

ಭೂಗೋಳದ ದೃಷ್ಟಿಯಿಂದ ಇದು ವಿಚಿತ್ರ ವಿಭಜನೆ. ಕೊಳ್ಳೇಗಾಲ ಮೈಸೂರು ಪ್ರಸ್ಥಭೂಮಿಯ ಮೇಲಿದೆ. ಕೊಯಮತ್ತೂರು ಘಟ್ಟದ ಕೆಳಗಿದೆ. ಮೈಸೂರು ಸುಮಾರು 60 ಕಿ.ಮೀ. ದೂರದಲ್ಲಿದ್ದರೂ, ಜಿಲ್ಲಾ ಕಲೆಕ್ಟರರ ಕಚೇರಿಯಲ್ಲಿ ಕೆಲಸವಿದ್ದವರು ದಿಂಬಂ ಘಟ್ಟವಿಳಿದು ಸತ್ಯಮಂಗಲದ ಮೂಲಕ ಅದರ ಎರಡು ಪಟ್ಟಿಗೂ ಮಿಕ್ಕಿದ ಹಾದಿಯನ್ನು ಸವೆಸಬೇಕಿತ್ತು. ಕಾವೇರಿಯ ಆಚೆ ದಡದ ಮಳವಳ್ಳಿ ಸಂಸ್ಥಾನ, ಈಚೆ ದಡ ಪ್ರಾಂತ್ಯ. ಮಲೆ ಮಹದೇಶ್ವರ ಬೆಟ್ಟವೂ ಮದ್ರಾಸಿನ ಗಡಿಯೊಳಗಿದ್ದುದರಿಂದ, ಸಂಸ್ಥಾನದ ಭಕ್ತರು ಮಾದಪ್ಪನ ದರ್ಶನಕ್ಕೆ ಗಡಿ ದಾಟಿ ಬರುತ್ತಿದ್ದರು.

ಮೂರು ಬಗೆಯ ಆಡಳಿತ

ಕಂಪನಿಯು ಮದ್ರಾಸು ಪ್ರಾಂತ್ಯದ ಬಹುಭಾಗದಲ್ಲಿ ಥಾಮಸ್ ಮನ್ರೋ ಹೆಸರಿನೊಂದಿಗೆ ಗುರುತಿಸಲಾಗುವ ರೈತವಾರಿ ಪದ್ಧತಿಯನ್ನು ಜಾರಿಗೆ ತಂದಿತು. ಇದರಲ್ಲಿ ಪ್ರತಿಯೊಬ್ಬ ರೈತನೂ ಸರ್ಕಾರಕ್ಕೇ ನೇರವಾಗಿ ಕಂದಾಯ ಸಲ್ಲಿಸುತ್ತಿದ್ದ. ಯಳಂದೂರಿನ ವ್ಯವಸ್ಥೆ ಬೇರೆ. 1807ರಲ್ಲಿ ಪೂರ್ಣಯ್ಯನವರ ಸೇವೆಯನ್ನು ಮನ್ನಿಸಿ ಯಳಂದೂರನ್ನು ವಂಶಪಾರಂಪರ್ಯ ಜಹಗೀರಾಗಿ ನೀಡಲಾಯಿತು. ಇಲ್ಲಿ ಕಂದಾಯವು ಜಹಗೀರುದಾರರಿಗೆ ಸಲ್ಲುತ್ತಿತ್ತು. ಇದೇ ಮನೆತನದ ಪಿ.ಎನ್. ಕೃಷ್ಣಮೂರ್ತಿ 1901ರಿಂದ 1906ರವರೆಗೆ ಮೈಸೂರಿನ ದಿವಾನರಾಗಿದ್ದರು. ಸುತ್ತಲಿನ ಸಂಸ್ಥಾನದ ಹಳ್ಳಿಗಳು ಅಮಲ್ದಾರರ ಅಧೀನದಲ್ಲಿದ್ದವು. ಹೀಗೆ ಒಂದು ದಿನದ ಕಾಲ್ನಡಿಗೆಯೊಳಗೆ ಮೂರು ಬಗೆಯ ಆಡಳಿತ ಕಾಣಸಿಗುತ್ತಿತ್ತು. ಮೂರರಲ್ಲಿಯೂ ಕಂದಾಯ ಕೊಡುವವನಿಗೆ ಮಾತಾಡುವ ಹಕ್ಕಿರಲಿಲ್ಲ.

ಪ್ರಾತಿನಿಧ್ಯದ ಮೊದಲ ಹೆಜ್ಜೆಗಳು

1831ರಲ್ಲಿ ಮೈಸೂರಿನ ಆಡಳಿತವನ್ನು ವಹಿಸಿಕೊಂಡ ಬ್ರಿಟಿಷರು 1881ರ ಮಾರ್ಚ್ 25ರಂದು ಅದನ್ನು ಮತ್ತೆ ಒಡೆಯರಿಗೆ ಒಪ್ಪಿಸಿದರು. ಅದೇ ವರ್ಷ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆ ಆರಂಭವಾಯಿತು. ಸದಸ್ಯರು ಅಹವಾಲು ಹೇಳಬಹುದಿತ್ತು. ಕಾನೂನು ಮಾಡುವ ಅಧಿಕಾರವಿರಲಿಲ್ಲ. 1907ರಲ್ಲಿ ನ್ಯಾಯವಿಧಾಯಕ ಸಭೆ ರಚನೆಯಾಯಿತು. ಆದರೂ ದಿವಾನರು ಉತ್ತರ ಹೇಳಬೇಕಾದುದು ಮಹಾರಾಜರಿಗೆ, ಸಭೆಗಲ್ಲ.

ಕೊಳ್ಳೇಗಾಲದ ಹಾದಿ ಭಿನ್ನವಾಗಿತ್ತು. 1919ರ ಕಾಯಿದೆಯಂತೆ ಮದ್ರಾಸು ಪ್ರಾಂತ್ಯದಲ್ಲಿ 1920ರಲ್ಲಿ ಚುನಾವಣೆ ನಡೆಯಿತು. 1935ರ ಕಾಯಿದೆಯ ಬಳಿಕ 1937ರಲ್ಲಿ ಸಿ. ರಾಜಗೋಪಾಲಾಚಾರಿಯವರ ಮಂತ್ರಿಮಂಡಲ ಅಧಿಕಾರಕ್ಕೆ ಬಂದಿತು. ಆಸ್ತಿ ಮತ್ತಿತರ ಅರ್ಹತೆಯುಳ್ಳವರಿಗೆ ಮಾತ್ರ ಮತವಿತ್ತಾದರೂ, ಶಾಸನಸಭೆಗೆ ಉತ್ತರ ಹೇಳಬೇಕಾದ ಮಂತ್ರಿಗಳನ್ನು ಕೊಳ್ಳೇಗಾಲದವರು ಯಳಂದೂರಿನವರಿಗಿಂತ ಹತ್ತು ವರ್ಷ ಮೊದಲೇ ಕಂಡರು ಎಂಬುದು ಗಮನಾರ್ಹ. ದೇಶೀಯ ಅರಸರ ಆಳ್ವಿಕೆ ಎಂದಮಾತ್ರಕ್ಕೆ ಅದು ಪ್ರಜೆಗಳ ಆಳ್ವಿಕೆಯಾಗಿರಲಿಲ್ಲ.

ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರದ ಬೇಡಿಕೆ 1938ರ ಶಿವಪುರ ಧ್ವಜ ಸತ್ಯಾಗ್ರಹದಿಂದ ಬಿರುಸು ಪಡೆಯಿತು. ದೇಶ ಸ್ವತಂತ್ರವಾದ ಮೇಲೂ ಅಧಿಕಾರ ಹಸ್ತಾಂತರವಾಗದಿದ್ದಾಗ 1947ರ ಸೆಪ್ಟೆಂಬರ್‌ನಲ್ಲಿ ‘ಮೈಸೂರು ಚಲೋ’ ಚಳವಳಿ ನಡೆಯಿತು. ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿಯವರ ನೇತೃತ್ವದಲ್ಲಿ ಮೊದಲ ಜನಪ್ರತಿನಿಧಿ ಮಂತ್ರಿಮಂಡಲ ರಚನೆಯಾಯಿತು. ಮೈಸೂರು ತನ್ನದೇ ಸಂವಿಧಾನ ಸಭೆಯನ್ನೂ ರಚಿಸಿಕೊಂಡಿತ್ತು. ಕೊನೆಗೆ ಭಾರತ ಸಂವಿಧಾನವನ್ನೇ ಒಪ್ಪಿಕೊಳ್ಳಲಾಯಿತು. ಅಮೆರಿಕದ 13 ರಾಜ್ಯಗಳು ಒಕ್ಕೂಟದ ಸಂವಿಧಾನವನ್ನು ಒಂದೊಂದಾಗಿ ಅನುಮೋದಿಸಿದ ಪ್ರಕ್ರಿಯೆಯನ್ನು ಇದು ನೆನಪಿಸುತ್ತದೆ.

1956ರ ಸೇರ್ಪಡೆ

1953ರಲ್ಲಿ ನೇಮಕಗೊಂಡ ಫಜಲ್ ಅಲಿ ಆಯೋಗವು 1955ರಲ್ಲಿ ವರದಿ ನೀಡಿ, ಕೊಳ್ಳೇಗಾಲ ತಾಲ್ಲೂಕು ಕನ್ನಡ ರಾಜ್ಯಕ್ಕೆ ಸೇರಬೇಕೆಂದು ಶಿಫಾರಸು ಮಾಡಿತು. 1956ರ ರಾಜ್ಯ ಪುನರ್ವಿಂಗಡಣಾ ಕಾಯಿದೆಯಂತೆ ನವೆಂಬರ್ 1ರಂದು ಕೊಳ್ಳೇಗಾಲ ಹೊಸ ಮೈಸೂರು ರಾಜ್ಯಕ್ಕೆ, ಮೈಸೂರು ಜಿಲ್ಲೆಗೆ ಸೇರಿತು. ಎಸ್. ನಿಜಲಿಂಗಪ್ಪ ಮುಖ್ಯಮಂತ್ರಿಯಾದರು.

ಸರ್ಕಾರ ಒಂದೇ ದಿನದಲ್ಲಿ ಬದಲಾದರೂ ಕಾನೂನು ಬದಲಾಗಲಿಲ್ಲ. ಹೊಸ ಶಾಸನಸಭೆ ಬೇರೆ ಕಾನೂನು ಮಾಡುವವರೆಗೆ ಹಳೆಯ ಪ್ರದೇಶದ ಕಾನೂನುಗಳೇ ಮುಂದುವರಿಯತಕ್ಕದ್ದೆಂದು ಕಾಯಿದೆ ಹೇಳಿತ್ತು. ಹಾಗಾಗಿ ಕೊಳ್ಳೇಗಾಲದಲ್ಲಿ ಮದ್ರಾಸಿನ ಹಲವು ಕಾನೂನುಗಳು ಕೆಲಕಾಲ ಉಳಿದವು. 1959ರ ಗ್ರಾಮ ಪಂಚಾಯತಿ ಕಾಯಿದೆ ಹಾಗೂ 1964ರ ಭೂಕಂದಾಯ ಕಾಯಿದೆಗಳು ಇಡೀ ರಾಜ್ಯಕ್ಕೆ ಒಂದೇ ಚೌಕಟ್ಟನ್ನು ಒದಗಿಸಿದವು. ಹಳೆಯ ಭೂದಾಖಲೆಗಳನ್ನು ಪರಿಶೀಲಿಸುವವರು ಈ ಹಿನ್ನೆಲೆಯನ್ನು ತಿಳಿದಿರುವುದು ಅಗತ್ಯ.

ಹೊರಗುಳಿದವರು

ಯಾವುದೇ ಹೊಸ ಗಡಿ ಎಲ್ಲರನ್ನೂ ಒಳಗೊಳ್ಳುವುದಿಲ್ಲ. ಕೊಳ್ಳೇಗಾಲದಂತೆಯೇ ಘಟ್ಟದ ಮೇಲಿರುವ, ಕನ್ನಡ ಮಾತನಾಡುವ ತಾಳವಾಡಿ ಪ್ರದೇಶ ಮದ್ರಾಸಿನಲ್ಲೇ ಉಳಿಯಿತು. ಇಂದು ಅದು ತಮಿಳುನಾಡಿನ ಈರೋಡ್ ಜಿಲ್ಲೆಯಲ್ಲಿದೆ. ದಕ್ಷಿಣ ಕನ್ನಡದ ಕಾಸರಗೋಡು ಕೇರಳಕ್ಕೆ ಹೋಯಿತು.

ಅಮೆರಿಕದ ಸಂವಿಧಾನ ಜಾರಿಗೆ ಬಂದಾಗ ಗುಲಾಮರಿಗಾಗಲಿ, ಮೂಲನಿವಾಸಿಗಳಿಗಾಗಲಿ ಪೌರತ್ವದ ಹಕ್ಕು ಸಿಗಲಿಲ್ಲ. ಭಾರತ ಸಂವಿಧಾನ 1950ರಲ್ಲೇ ವಯಸ್ಕರೆಲ್ಲರಿಗೂ ಮತದಾನದ ಹಕ್ಕು ನೀಡಿತು. ಆದರೂ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಮತದ ಹಕ್ಕು ಬಂದಷ್ಟು ಬೇಗ ಕಾಡಿನ ಹಕ್ಕು ಬರಲಿಲ್ಲ. 2006ರ ಅರಣ್ಯ ಹಕ್ಕು ಕಾಯಿದೆಯಡಿ 2011ರಲ್ಲಿ ಅವರ ಸಮುದಾಯ ಹಕ್ಕುಗಳಿಗೆ ಮಾನ್ಯತೆ ದೊರೆಯಿತು. ಹುಲಿ ಸಂರಕ್ಷಿತ ಪ್ರದೇಶವೊಂದರೊಳಗೆ ಇಂತಹ ಮಾನ್ಯತೆ ದೊರೆತದ್ದು ದೇಶದಲ್ಲಿ ಅದೇ ಮೊದಲು.

ಪ್ರಮುಖ ಘಟ್ಟಗಳು

1799: ಟಿಪ್ಪು ಪತನ, ಕೊಳ್ಳೇಗಾಲ ಕಂಪನಿಯ ಅಧೀನಕ್ಕೆ
1807: ಪೂರ್ಣಯ್ಯನವರಿಗೆ ಯಳಂದೂರು ಜಹಗೀರು
1881: ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ
1937: ಮದ್ರಾಸಿನಲ್ಲಿ ಚುನಾಯಿತ ಮಂತ್ರಿಮಂಡಲ
1947: ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರ
1956: ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರ್ಪಡೆ
1973: ರಾಜ್ಯಕ್ಕೆ ಕರ್ನಾಟಕ ಎಂದು ನಾಮಕರಣ
1997: ಚಾಮರಾಜನಗರ ಜಿಲ್ಲೆ ರಚನೆ, ಕೊಳ್ಳೇಗಾಲ, ಯಳಂದೂರು ಒಂದೇ ಜಿಲ್ಲೆಯಲ್ಲಿ ಮುಂದುವರಿಕೆ
2018: ಹನೂರು ಪ್ರತ್ಯೇಕ ತಾಲ್ಲೂಕು