ಋತುಮಾನ ಮತ್ತು ಚಲನಚಿತ್ರ

ಋತುವರ್ಣನೆಯಿಲ್ಲದೆ ನಮ್ಮ ಪ್ರಾಚೀನರಿಗೆ ಮಹಾಕಾವ್ಯ ಪೂರ್ಣವಾಗುತ್ತಿರಲಿಲ್ಲ. ಅಷ್ಟಾದಶ ವರ್ಣನೆಗಳಲ್ಲಿ ಅದಕ್ಕೊಂದು ಕಾಯಂ ಸ್ಥಾನ. ಚಲನಚಿತ್ರವೆಂಬ ಈ ಹೊಸ ಕಲೆಗೂ ಒಂದು ಋತುಚಕ್ರವುಂಟೆಂದರೆ ಶ್ರೋತೃಗಳಿಗೆ ವಿಚಿತ್ರವೆನಿಸಬಹುದು. ಆದರೆ ಉಂಟು. ಪ್ರತಿವರ್ಷ ಸೆಪ್ಟೆಂಬರ್ ಬಂತೆಂದರೆ ಅಮೆರಿಕದ ಪತ್ರಿಕೆಗಳು ಶರತ್ತು ಹೇಮಂತಗಳಲ್ಲಿ ತೆರೆಕಾಣಲಿರುವ, ನೋಡಲು ಯೋಗ್ಯವಾದ ಚಿತ್ರಗಳ ಪಟ್ಟಿಯನ್ನು ಪ್ರಕಟಿಸುತ್ತವೆ. ಬೇಸಗೆಯ ಪಟ್ಟಿಯಲ್ಲಿ ಸಾಹಸವೂ ಅಬ್ಬರವೂ ಹೆಚ್ಚು. ಈ ಪಟ್ಟಿಯಲ್ಲಿ ಗಂಭೀರ ವಸ್ತು, ಹೆಸರಾಂತ ನಿರ್ದೇಶಕರು. ಒಳ್ಳೆಯ ಚಿತ್ರಗಳೆಲ್ಲ ಮಾವಿನ ಹಣ್ಣಿನಂತೆ ಒಂದೇ ಕಾಲಕ್ಕೆ ಮಾಗುವುದೇಕೆ?

ಒಂದು ಕಾರಣ ಸೆಕೆ. ಕಿಕ್ಕಿರಿದ ಕತ್ತಲ ಕೋಣೆಯಲ್ಲಿ ಬೇಸಗೆಯ ಸಂಜೆ ಕಳೆಯಲು ಯಾರೂ ಬಯಸುತ್ತಿರಲಿಲ್ಲ. 1925ರಲ್ಲಿ ವಿಲಿಸ್ ಕ್ಯಾರಿಯರ್ ನ್ಯೂಯಾರ್ಕಿನ ರಿವೋಲಿ ಚಿತ್ರಮಂದಿರಕ್ಕೆ ತನ್ನ ಹವಾನಿಯಂತ್ರಣ ಯಂತ್ರವನ್ನು ಅಳವಡಿಸಿದ ಮೇಲೆ ಜನ ತಂಪಿಗಾಗಿಯೇ ಒಳಗೆ ಬರತೊಡಗಿದರು. ಮುಂದೆ 1975ರ ಜೂನ್ ತಿಂಗಳಲ್ಲಿ ‘ಜಾಸ್’ ಎಂಬ ಶಾರ್ಕ್ ಮೀನಿನ ಚಿತ್ರ ಬಂದು, ಬೇಸಗೆಯೇ ದೊಡ್ಡ ಸುಗ್ಗಿಯೆಂದು ತೋರಿಸಿಕೊಟ್ಟಿತು. ಅದಿರಲಿ.

ಎರಡನೆಯ ಕಾರಣ ಪ್ರಶಸ್ತಿಯ ಪಂಚಾಂಗ. ಹಾಲಿವುಡ್ಡಿನ ಅಕಾಡೆಮಿ ತನ್ನ ಮೊದಲ ಬಹುಮಾನಗಳಿಗೆ ಎಣಿಸಿದ ವರ್ಷ 1927ರ ಆಗಸ್ಟ್ 1ರಿಂದ 1928ರ ಜುಲೈ 31ರವರೆಗಿನದು. 1934ರ ಚಿತ್ರಗಳಿಂದೀಚೆಗೆ ಅದು ಜನವರಿಯಿಂದ ಡಿಸೆಂಬರಿನ ವರ್ಷವಾಯಿತು. ಡಿಸೆಂಬರ್ ಮುಗಿಯುವುದರೊಳಗೆ ಲಾಸ್ ಏಂಜಲಿಸ್‌ನಲ್ಲಿ ಪ್ರದರ್ಶನಗೊಂಡ ಚಿತ್ರ ಮಾತ್ರ ಆ ವರ್ಷದ ಸ್ಪರ್ಧೆಗೆ ಅರ್ಹವೆಂಬ ನಿಯಮ ಬಹುಕಾಲ ನಡೆದುಬಂತು. ಪರೀಕ್ಷೆಯ ಹಿಂದಿನ ವಾರ ಓದಿದ್ದೇ ಉತ್ತರಪತ್ರಿಕೆಯಲ್ಲಿ ಕಾಣಿಸುತ್ತದೆಂಬುದು ಅಧ್ಯಾಪಕರೆಲ್ಲರ ಅನುಭವ. ಮತ ಹಾಕುವವರ ನೆನಪೂ ಅಂಥದೇ. ಹಾಗಾಗಿ ನಿರ್ಮಾಪಕರು ತಮ್ಮ ಉತ್ತಮ ಕೃತಿಗಳನ್ನು ವರ್ಷದ ಕೊನೆಗೆ ಕಾದಿಡುವುದನ್ನು ಕಲಿತರು.

ಈ ಪಂಚಾಂಗಕ್ಕೆ ಸಿಕ್ಕಿದ ಒಂದು ಚಿತ್ರದ ಚರಿತ್ರೆಯನ್ನು ತುಸು ವಿಸ್ತಾರವಾಗಿ ಹೇಳಬೇಕು. ಫಿಲಿಪ್ ವಾನ್ ಡೋರನ್ ಸ್ಟರ್ನ್ ಎಂಬ ಲೇಖಕ ಬರೆದ ಚಿಕ್ಕ ಕತೆಯೊಂದನ್ನು ಯಾವ ಪತ್ರಿಕೆಯೂ ಸ್ವೀಕರಿಸಲಿಲ್ಲ. ಆತ 1943ರ ಕ್ರಿಸ್‌ಮಸ್ಸಿಗೆ ಅದರ 200 ಪ್ರತಿಗಳನ್ನು ತಾನೇ ಅಚ್ಚುಹಾಕಿಸಿ ಶುಭಾಶಯ ಪತ್ರದಂತೆ ಸ್ನೇಹಿತರಿಗೆ ಹಂಚಿದ. ಹೇಗೋ ಅದು ಹಾಲಿವುಡ್ಡನ್ನು ತಲುಪಿತು. ಯುದ್ಧಸೇವೆಯಿಂದ ಮರಳಿದ್ದ ಫ್ರಾಂಕ್ ಕಾಪ್ರಾ, ತನ್ನಂತೆಯೇ ಯುದ್ಧದಿಂದ ಬಂದ ಜೇಮ್ಸ್ ಸ್ಟುವರ್ಟನನ್ನು ನಾಯಕನನ್ನಾಗಿಸಿ ಅದರಿಂದ ‘ಇಟ್ಸ್ ಎ ವಂಡರ್‌ಫುಲ್ ಲೈಫ್’ ಚಿತ್ರವನ್ನು ರಚಿಸಿದ. ಸಣ್ಣ ಊರಿನ ಒಬ್ಬ ಸಜ್ಜನ, ಸಾಲದ ಅಪಮಾನಕ್ಕೆ ಅಂಜಿ, ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿ ಸೇತುವೆಯ ಮೇಲೆ ಸಾವನ್ನು ಬಯಸಿ ನಿಲ್ಲುತ್ತಾನೆ. ತಾನು ಹುಟ್ಟದೇ ಇದ್ದಿದ್ದರೆ ಊರು ಹೇಗಿರುತ್ತಿತ್ತೆಂಬುದನ್ನು ಒಬ್ಬ ದೇವದೂತ ಅವನಿಗೆ ತೋರಿಸುತ್ತಾನೆ. ಇದು ಬರಿಯ ಸಿಹಿ ಕತೆಯೆನ್ನುವವರು ಆ ನಾಯಕನ ಮುಖದ ಭೀತಿಯನ್ನು ಸರಿಯಾಗಿ ನೋಡಿಲ್ಲವೆಂದೇ ನನ್ನ ಭಾವನೆ.

ಚಿತ್ರದ ತುಂಬ ಹಿಮ. ಚಿತ್ರೀಕರಣ ನಡೆದದ್ದು ಮಾತ್ರ 1946ರ ಏಪ್ರಿಲ್‌ನಿಂದ ಜುಲೈವರೆಗೆ, ಕ್ಯಾಲಿಫೋರ್ನಿಯದ ಬಿಸಿಲಿನಲ್ಲಿ. ಅದುವರೆಗೆ ಹಾಲಿವುಡ್ಡಿನ ಹಿಮವೆಂದರೆ ಸಾಮಾನ್ಯವಾಗಿ ಬಿಳಿಯ ಬಣ್ಣ ಬಳಿದ ಜೋಳದ ಅವಲಕ್ಕಿ; ಕಾಲಿಟ್ಟರೆ ಕರಕರ ಸದ್ದು, ಮಾತುಗಳನ್ನೆಲ್ಲ ಆಮೇಲೆ ಮತ್ತೆ ಮುದ್ರಿಸಿಕೊಳ್ಳಬೇಕು. ಈ ಚಿತ್ರಕ್ಕಾಗಿ ಕುಶಲಿಗಳು ಬೆಂಕಿ ಆರಿಸುವ ನೊರೆ, ಸಾಬೂನು, ನೀರು ಇವನ್ನು ಬೆರೆಸಿ ಸದ್ದಿಲ್ಲದ ಹಿಮವನ್ನು ಮಾಡಿದರು. ಉಣ್ಣೆಯ ಕೋಟು ತೊಟ್ಟ ಸ್ಟುವರ್ಟನ ಮುಖದಲ್ಲಿ ಕಾಣುವ ಬೆವರು ನಿಜವಾದ ಬೆವರು.

1947ರ ಜನವರಿಗೆಂದು ಗೊತ್ತಾಗಿದ್ದ ಬಿಡುಗಡೆಯನ್ನು ಆರ್‌ಕೆಓ ಸಂಸ್ಥೆ 1946ರ ಡಿಸೆಂಬರ್ 20ಕ್ಕೆ ಮುಂಚಿತಗೊಳಿಸಿತು. ಹೀಗೆ ಅದು ಆ ವರ್ಷದ ಸ್ಪರ್ಧೆಗೆ ಅರ್ಹವಾಯಿತೇನೋ ಸರಿ. ಆದರೆ ಒಂದು ತಿಂಗಳ ಹಿಂದೆಯೇ ವಿಲಿಯಂ ವೈಲರನ ‘ದಿ ಬೆಸ್ಟ್ ಇಯರ್ಸ್ ಆಫ್ ಅವರ್ ಲೈವ್ಸ್’ ಬಂದಿತ್ತು. ಯುದ್ಧದಿಂದ ಮನೆಗೆ ಮರಳಿದ ಮೂವರ ಕತೆಯದು. ಅದರಲ್ಲಿ ಸೈನ್ಯದ ತರಬೇತಿಯಲ್ಲಿ ಎರಡೂ ಕೈಗಳನ್ನು ಕಳೆದುಕೊಂಡಿದ್ದ ಹೆರಾಲ್ಡ್ ರಸೆಲ್ ನಟಿಸಿದ್ದ. ಅತ್ಯುತ್ತಮ ಚಿತ್ರದ ಬಹುಮಾನ ಅದಕ್ಕೆ ಹೋಯಿತು. ಆ ತೀರ್ಪು ಅನ್ಯಾಯವೆಂದು ನಾನು ಹೇಳಲಾರೆ. ಕಾಪ್ರಾನ ಚಿತ್ರಕ್ಕೆ ಐದು ನಾಮನಿರ್ದೇಶನಗಳಾಗಿ ಒಂದೂ ಕೈಗೂಡಲಿಲ್ಲ. ಅಕಾಡೆಮಿಯ ತಾಂತ್ರಿಕ ಪುರಸ್ಕಾರ ಮಾತ್ರ ದೊರೆಯಿತು, ಅದೂ ಆ ಹಿಮಕ್ಕೆ! ಆರ್‌ಕೆಓ ಲೆಕ್ಕದಲ್ಲಿ ನಷ್ಟ 5,25,000 ಡಾಲರು. ಕಾಪ್ರಾ ಗೆಳೆಯರೊಡನೆ ಕಟ್ಟಿದ್ದ ಲಿಬರ್ಟಿ ಫಿಲ್ಮ್ಸ್ 1947ರಲ್ಲಿ ಪ್ಯಾರಮೌಂಟ್ ಪಾಲಾಯಿತು.

ಅಂದಿನ ಕಾನೂನಿನಂತೆ ಕೃತಿಸ್ವಾಮ್ಯದ ಮೊದಲ ಅವಧಿ 28 ವರ್ಷ. 1974ರಲ್ಲಿ ಅದನ್ನು ನವೀಕರಿಸಬೇಕಾಗಿದ್ದವರು ನವೀಕರಿಸಲಿಲ್ಲ. ದೂರದರ್ಶನ ಕೇಂದ್ರಗಳಿಗೆ ಚಿತ್ರ ಪುಕ್ಕಟೆಯಾಗಿ ಸಿಕ್ಕಿದಂತಾಯಿತು. ಪ್ರತಿ ಡಿಸೆಂಬರಿನಲ್ಲಿ ಒಂದಾದಮೇಲೊಂದು ಕೇಂದ್ರ ಅದನ್ನು ತೋರಿಸತೊಡಗಿತು. ಚಿತ್ರಮಂದಿರದಲ್ಲಿ ಅದನ್ನು ತಪ್ಪಿಸಿಕೊಂಡವರ ಮಕ್ಕಳು ಮನೆಯಲ್ಲಿ ಕುಳಿತು ನೋಡಿ ಕಣ್ಣೀರಿಟ್ಟರು. 1990ರ ದಶಕದಲ್ಲಿ ಮೂಲಕಥೆಯ ಹಕ್ಕಿನ ಆಧಾರದ ಮೇಲೆ ಚಿತ್ರಕ್ಕೆ ಮತ್ತೆ ಒಡೆಯರು ಹುಟ್ಟಿಕೊಂಡರು. ಅಷ್ಟರಲ್ಲಿ ಕ್ರಿಸ್‌ಮಸ್ಸಿಗೆ ಅದನ್ನು ನೋಡುವುದು ಅಮೆರಿಕದ ಮನೆಗಳಲ್ಲಿ ಆಚಾರವೇ ಆಗಿಬಿಟ್ಟಿತ್ತು.

ಬೇಸಗೆಯಲ್ಲಿ ಹಿಮ ಸುರಿಸುವ ಐಶ್ವರ್ಯ ಎಲ್ಲರಿಗೂ ಇರುವುದಿಲ್ಲ. ಆರು ವರ್ಷಗಳ ಅನಂತರ, 1952ರ ಅಕ್ಟೋಬರ್ 27ರಂದು, ನಮ್ಮ ಬಂಗಾಳದಲ್ಲಿ ಸತ್ಯಜಿತ್ ರಾಯ್ ‘ಪಥೇರ್ ಪಾಂಚಾಲಿ’ಯ ಮೊದಲ ಚಿತ್ರೀಕರಣಕ್ಕೆ ನಿಂತದ್ದು ಕಾಶದ ಹೂವಿನ ಬಯಲಿನಲ್ಲಿ. ಕಾಳಿದಾಸನ ‘ಋತುಸಂಹಾರ’ದಲ್ಲಿ ಶರತ್ತಿನೊಡನೆ ಬರುವ ಹೂವು ಇದೇ. ಅಪು, ದುರ್ಗಾ ರೈಲನ್ನು ಹುಡುಕಿಕೊಂಡು ಹೋಗುವ ದೃಶ್ಯವದು. ರಾಯ್ ಜಾಹೀರಾತು ಕಂಪನಿಯ ನೌಕರ. ರಜೆಯ ದಿನವೇ ಕೆಲಸ ನಡೆಯಬೇಕು. ಮುಂದಿನ ವಾರ ಹೋಗಿ ನೋಡಿದರೆ ದನಗಳು ಹೂವನ್ನೆಲ್ಲ ಮೇದುಬಿಟ್ಟಿದ್ದವು! ದೃಶ್ಯವನ್ನು ಮುಗಿಸಲು ಮತ್ತೊಂದು ಶರತ್ತಿಗಾಗಿ ಕಾಯಬೇಕಾಯಿತು. ವಿಮೆಯ ಪತ್ರ, ಹೆಂಡತಿಯ ಒಡವೆ ಎಲ್ಲ ಒತ್ತೆಬಿದ್ದ ಮೇಲೆ, ಪಶ್ಚಿಮ ಬಂಗಾಳ ಸರ್ಕಾರದ ಹಣದಿಂದ ಚಿತ್ರ ಪೂರ್ಣವಾಯಿತು.

ಅದು ಕಲ್ಕತ್ತೆಯಲ್ಲಿ ತೆರೆಕಂಡದ್ದು 1955ರ ಆಗಸ್ಟ್ 26ರಂದು, ಮಳೆಗಾಲದಲ್ಲಿ. ಮೊದಮೊದಲು ಜನ ವಿರಳ. ಒಂದೆರಡು ವಾರಗಳಲ್ಲಿ ಬಾಯಿಂದ ಬಾಯಿಗೆ ಸುದ್ದಿ ಹಬ್ಬಿ ಆಸನಗಳು ತುಂಬತೊಡಗಿದವು. ಆದರೆ ಆ ಮಂದಿರ ಬೇರೊಂದು ಚಿತ್ರಕ್ಕೆ ಮೊದಲೇ ಗೊತ್ತಾಗಿತ್ತು. ರಾಯ್ ತಮ್ಮ ಚಿತ್ರವನ್ನು ಇನ್ನೊಂದು ಮಂದಿರಕ್ಕೆ ಸಾಗಿಸಿದರು. ಅಲ್ಲಿ ಅದು ಏಳು ವಾರ ನಡೆಯಿತು.